ಬ್ಯಾಚ್ ಫೈಲೋ, ಪವರ್‌ಶೆಲ್ಲೋ? ಹತ್ತಿಪ್ಪತ್ತು ಕಂಪ್ಯೂಟರುಗಳ ಉಸ್ತುವಾರಿ ಇರುವವರಿಗೆ

ಶಾಲೆಯ ಲ್ಯಾಬು, ಸಹಕಾರ ಸಂಘದ ಕಚೇರಿ, ಆಡಿಟರ್ ಆಫೀಸು, ಡಿಟಿಪಿ ಸೆಂಟರು. ಇಂಥ ಕಡೆ ಹತ್ತರಿಂದ ನಲವತ್ತು ವಿಂಡೋಸ್ ಕಂಪ್ಯೂಟರುಗಳಿರುತ್ತವೆ, ನೋಡಿಕೊಳ್ಳುವವರು ಒಬ್ಬರೇ. ರಾತ್ರಿಯ ಬ್ಯಾಕಪ್, ಕಸ ತುಂಬಿದ ಟೆಂಪ್ ಫೋಲ್ಡರು, ಮಧ್ಯದಲ್ಲೇ ನಿಂತ ಪ್ರಿಂಟು, ಯಾವ ಸಿಸ್ಟಮ್ಮಿನಲ್ಲಿ ಎಷ್ಟು ಮೆಮೊರಿ ಇದೆ ಎಂಬ ಪಟ್ಟಿ: ಇವನ್ನೆಲ್ಲ ಒಂದೊಂದು ಪರದೆಯ ಮುಂದೆ ಕೂತು ಮಾಡುತ್ತ ಹೋದರೆ ದಿನ ಸಾಲದು. ಸ್ಕ್ರಿಪ್ಟ್, ಅಂದರೆ ಕಂಪ್ಯೂಟರು ತಾನೇ ಸಾಲಾಗಿ ನಡೆಸುವ ಕಮಾಂಡುಗಳ ಪಟ್ಟಿ, ಬರೆಯಲೇಬೇಕು. ಯಾವುದರಲ್ಲಿ ಬರೆಯಬೇಕು ಎಂಬುದಷ್ಟೇ ಪ್ರಶ್ನೆ. ವಿಂಡೋಸಿನಲ್ಲಿ ನಾಲ್ಕು ದಾರಿಗಳಿವೆ: ಕಪ್ಪು ಕಿಟಕಿಯ ಕಮಾಂಡುಗಳನ್ನು ಸಾಲಾಗಿ ಬರೆದಿಡುವ ಬ್ಯಾಚ್ ಫೈಲು, ಮೈಕ್ರೋಸಾಫ್ಟಿನ ಹಳೆಯ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್, ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1, ನಾವೇ ಹಾಕಿಕೊಳ್ಳಬೇಕಾದ ಪವರ್‌ಶೆಲ್ 7.

ಪವರ್‌ಶೆಲ್ಲಿಗೆ ಶಕ್ತಿ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಕನ್ನಡದಲ್ಲಿ ವ್ಯವಹರಿಸುವ ಕಚೇರಿಗೆ ಇನ್ನೊಂದು ಪರೀಕ್ಷೆ ಬೇಕು. 'ಸದಸ್ಯರ ಪಟ್ಟಿ', 'ಸಂಘದ ಲೆಕ್ಕ' ಎಂಬ ಹೆಸರಿನ ಎರಡು ಫೈಲುಗಳನ್ನು ಈ ನಾಲ್ಕರ ಕೈಗೂ ಕೊಟ್ಟು ನೋಡಿ. ಹೆಸರು ಕೆಡದಂತೆ ಆಚೆ ದಾಟಿಸುವುದು ಯಾವುದು, ಯಾವಾಗ ದಾಟಿಸುತ್ತದೆ ಎಂಬುದು ಗೊತ್ತಾದರೆ ಆಯ್ಕೆ ಮುಕ್ಕಾಲು ಮುಗಿದಂತೆ.

ಕಮಾಂಡುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಮೊದಲು ಕೈಬಿಡಬೇಕಾದದ್ದು

ವಿಬಿಸ್ಕ್ರಿಪ್ಟಿನಲ್ಲಿ ಹೊಸದಾಗಿ ಏನನ್ನೂ ಬರೆಯಬೇಡಿ. ಅದನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲೇ ಪ್ರಕಟಿಸಿದೆ. ಹಂತಹಂತವಾಗಿ ಅದು ವಿಂಡೋಸಿನಿಂದ ಹೊರಗೆ ಹೋಗುತ್ತಿದೆ. ಹಳೆಯ ಲಾಗಿನ್ ಸ್ಕ್ರಿಪ್ಟುಗಳು, ಪ್ರಿಂಟರ್ ಜೋಡಿಸುವ ಸ್ಕ್ರಿಪ್ಟುಗಳು ಅದರಲ್ಲಿದ್ದರೆ ಈಗಲೇ ಪಟ್ಟಿ ಮಾಡಿ, ಒಂದೊಂದಾಗಿ ಪವರ್‌ಶೆಲ್ಲಿಗೆ ತನ್ನಿ.

ಇದರ ಜೊತೆಗೆ ಹೋಗುತ್ತಿರುವ ಇನ್ನೊಂದು ಎಂದರೆ ಡಬ್ಲ್ಯೂಎಂಐಸಿ ಎಂಬ ಕಮಾಂಡು. ಸೀರಿಯಲ್ ನಂಬರ್, ಮೆಮೊರಿ, ಡಿಸ್ಕಿನ ವಿವರ ತೆಗೆಯಲು ಬ್ಯಾಚ್ ಫೈಲುಗಳೆಲ್ಲ ಇದನ್ನೇ ನೆಚ್ಚಿಕೊಂಡಿದ್ದವು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಅದು ಮೊದಲಿನಿಂದಲೇ ಇರುವುದಿಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಬ್ಯಾಚ್ ಫೈಲು ಹೊಸ ಸಿಸ್ಟಮ್ಮಿನಲ್ಲಿ 'ಇಂಥ ಕಮಾಂಡೇ ಇಲ್ಲ' ಎಂದರೆ ಮೊದಲು ನೋಡಬೇಕಾದ ಜಾಗ ಇದು. ಅದರ ಬದಲಿಗೆ ಪವರ್‌ಶೆಲ್ಲಿನ ಗೆಟ್-ಸಿಮ್‌ಇನ್‌ಸ್ಟನ್ಸ್ ಬಳಸಿ. ಮುಂದೆ ವಿನ್32_ಬಯೋಸ್ ಎಂದು ಕೊಟ್ಟರೆ ಸೀರಿಯಲ್ ನಂಬರ್ ಬರುತ್ತದೆ, ವಿನ್32_ಫಿಸಿಕಲ್‌ಮೆಮೊರಿ ಎಂದು ಕೊಟ್ಟರೆ ಯಾವ ಸ್ಲಾಟಿನಲ್ಲಿ ಎಷ್ಟು ಮೆಮೊರಿ ಕೂತಿದೆ ಎಂಬುದೂ ಬರುತ್ತದೆ.

ಉಳಿದದ್ದು ಮೂರು.

ಬ್ಯಾಚ್ ಫೈಲಿಗೆ ಒಪ್ಪುವ ಕೆಲಸ

ಐದಾರು ಸಾಲು, ಲೆಕ್ಕಾಚಾರ ಇಲ್ಲ, ದಿನಾಂಕ ಇಲ್ಲ. ಇಂಥ ಕೆಲಸಕ್ಕೆ ಬ್ಯಾಚ್ ಫೈಲಿಗಿಂತ ಸಲೀಸಾದದ್ದು ಇನ್ನೊಂದಿಲ್ಲ. ಯಾವ ಅನುಮತಿಯ ತಕರಾರೂ ಇಲ್ಲದೆ ಡಬಲ್ ಕ್ಲಿಕ್ಕಿಗೆ ಓಡುತ್ತದೆ. ಪ್ರಿಂಟ್ ಕ್ಯೂ ಸಿಕ್ಕಿಹಾಕಿಕೊಂಡಾಗ ಬಿಡಿಸುವ ಸ್ಕ್ರಿಪ್ಟು ಇದಕ್ಕೆ ಒಳ್ಳೆಯ ಉದಾಹರಣೆ:

ನೆಟ್ ಸ್ಟಾಪ್ ಸ್ಪೂಲರ್
ಡೆಲ್ /ಕ್ಯೂ "%ಸಿಸ್ಟಮ್‌ರೂಟ್%\ಸಿಸ್ಟಮ್32\ಸ್ಪೂಲ್\ಪ್ರಿಂಟರ್ಸ್\*"
ನೆಟ್ ಸ್ಟಾರ್ಟ್ ಸ್ಪೂಲರ್

ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು, ಅಷ್ಟೇ. ಸ್ಪೂಲರ್ (ಪ್ರಿಂಟುಗಳನ್ನು ಸಾಲಿನಲ್ಲಿಟ್ಟು ಕಳಿಸುವ ಸರ್ವೀಸ್) ನಿಲ್ಲಿಸದೆ ಎರಡನೆಯ ಸಾಲನ್ನು ಮಾತ್ರ ಓಡಿಸಿದರೆ ಕೆಟ್ಟು ಕೂತ ಫೈಲು ಅಳಿಯುವುದಿಲ್ಲ, ಏಕೆಂದರೆ ಸ್ಪೂಲರ್ ಅದನ್ನು ಹಿಡಿದುಕೊಂಡಿರುತ್ತದೆ.

ಇದಕ್ಕಿಂತ ಮುಂದೆ ಹೋದರೆ ಬ್ಯಾಚ್ ಫೈಲು ಕೈಕೊಡುವ ಜಾಗಗಳು ಬೇಗ ಬರುತ್ತವೆ. ದಿನಾಂಕವನ್ನೇ ನೋಡಿ. ಬ್ಯಾಕಪ್ ಫೋಲ್ಡರಿಗೆ ಆ ದಿನದ ಹೆಸರಿಡಲು %ಡೇಟ್% ತೆಗೆದು ಕತ್ತರಿಸುವುದು ರೂಢಿ. ಅದು ಬರುವ ರೂಪ ಆಯಾ ಬಳಕೆದಾರರ ರೀಜನ್ ಸೆಟ್ಟಿಂಗಿನಂತೆ ಬದಲಾಗುತ್ತದೆ. ಒಬ್ಬರಿಗೆ ದಿನ ಮೊದಲು, ಇನ್ನೊಬ್ಬರಿಗೆ ತಿಂಗಳು ಮೊದಲು, ಮತ್ತೊಬ್ಬರಿಗೆ ಮುಂದೆ ವಾರದ ಹೆಸರೂ ಸೇರಿ. ನಿಮ್ಮ ಲಾಗಿನ್ನಿನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟು ರಾತ್ರಿ ಸಿಸ್ಟಂ ಅಕೌಂಟಿನಲ್ಲಿ ಓಡಿದಾಗ ಅರ್ಥವಿಲ್ಲದ ಹೆಸರಿನ ಫೋಲ್ಡರು ಮಾಡಿರುತ್ತದೆ.

ಇನ್ನೊಂದು ಇನ್ನೂ ಕಾಡುವಂಥದ್ದು. ಸೆಟ್ /ಎ ಕಮಾಂಡು ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಪದ್ಧತಿಯ ಸಂಖ್ಯೆ ಎಂದು ಓದುತ್ತದೆ. 01ರಿಂದ 07ರವರೆಗೆ ತೊಂದರೆ ಇಲ್ಲ. ಎಂಟರ ಪದ್ಧತಿಯಲ್ಲಿ 8, 9 ಎಂಬ ಅಂಕಿಗಳೇ ಇಲ್ಲವಾದ್ದರಿಂದ 08 ಬಂದ ಕೂಡಲೇ ಎರರ್, 09ಕ್ಕೂ ಎರರ್, 10ಕ್ಕೆ ಮತ್ತೆ ಸರಿ. ತಿಂಗಳ ಮೊದಲ ವಾರ ಪರೀಕ್ಷಿಸಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಸಂಖ್ಯೆಯ ಮುಂದೆ 1 ಸೇರಿಸಿ 100 ಕಳೆಯುವುದು ಇದಕ್ಕೆ ಮದ್ದು: 108ರಲ್ಲಿ 100 ಕಳೆದರೆ 8. ಪವರ್‌ಶೆಲ್ಲಿನಲ್ಲಿ ಈ ಸರ್ಕಸ್ಸು ಬೇಡ. ಗೆಟ್-ಡೇಟ್ ಕಮಾಂಡಿಗೆ ವರ್ಷ-ತಿಂಗಳು-ದಿನದ ರೂಪವನ್ನು ನಾವೇ ಬರೆದುಕೊಡಬಹುದು. ತಿಂಗಳಿಗೆ ದೊಡ್ಡ 'ಎಂ' ಎರಡು ಸಲ ಎಂಬುದು ನೆನಪಿರಲಿ, ಚಿಕ್ಕದು ಬರೆದರೆ ನಿಮಿಷ ಬಂದು ಕೂರುತ್ತದೆ.

ಅಳಿಸುವ ಕೆಲಸವನ್ನು ಬ್ಯಾಚ್ ಫೈಲಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಡೆಲ್ /ಕ್ಯೂ "%ಫೋಲ್ಡರ್%\*" ಎಂಬ ಸಾಲಿನಲ್ಲಿ %ಫೋಲ್ಡರ್% ಎಂಬ ವೇರಿಯಬಲ್, ಅಂದರೆ ಬೆಲೆ ತುಂಬಿಡುವ ಹೆಸರು, ಖಾಲಿ ಇದ್ದರೆ ಉಳಿಯುವುದು "\*" ಮಾತ್ರ. ಅಂದರೆ ಸ್ಕ್ರಿಪ್ಟು ಆಗ ನಿಂತಿರುವ ಡ್ರೈವಿನ ಬೇರು, ಎಲ್ಲಕ್ಕೂ ಮೇಲಿನ ಫೋಲ್ಡರು. ಅಲ್ಲಿರುವ ಫೈಲುಗಳನ್ನು ಅದು ಕೇಳದೆ ಅಳಿಸುತ್ತದೆ. ಪವರ್‌ಶೆಲ್ಲಿನಲ್ಲೂ ಖಾಲಿ ವೇರಿಯಬಲ್ಲಿನ ಅಪಾಯ ಇದ್ದೇ ಇದೆ. ಆದರೆ ಅಲ್ಲಿ ಎರಡು ಕಾವಲುಗಳು ಸಿಗುತ್ತವೆ. ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್-ಸ್ಟ್ರಿಕ್ಟ್‌ಮೋಡ್ ಇಟ್ಟರೆ ಬೆಲೆಯನ್ನೇ ಕೊಡದ ವೇರಿಯಬಲ್ ಬಂದಲ್ಲಿ ಎರರ್ ಬರುತ್ತದೆ. ರಿಮೂವ್-ಐಟಂ ಮುಂದೆ -ವಾಟ್‌ಇಫ್ ಸೇರಿಸಿದರೆ ಏನೇನು ಅಳಿಯುತ್ತಿತ್ತು ಎಂಬ ಪಟ್ಟಿ ಮಾತ್ರ ಬರುತ್ತದೆ, ಏನೂ ಅಳಿಯುವುದಿಲ್ಲ. ಇದೊಂದೇ ಕಾರಣಕ್ಕೂ ಅಳಿಸುವ ಸ್ಕ್ರಿಪ್ಟುಗಳನ್ನು ಪವರ್‌ಶೆಲ್ಲಿನಲ್ಲಿ ಬರೆಯುವುದು ಒಳ್ಳೆಯದು.

ಕನ್ನಡ ಹೆಸರಿನ ಫೈಲುಗಳು

ಡಿಸ್ಕಿನ ಮೇಲೆ ಕನ್ನಡ ಹೆಸರಿಗೆ ಯಾವ ಅಪಾಯವೂ ಇಲ್ಲ. ವಿಂಡೋಸ್ ಫೈಲಿನ ಹೆಸರುಗಳನ್ನು ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗವಿರುವ ಯುನಿಕೋಡಿನಲ್ಲೇ ಇಡುತ್ತದೆ. ಕೆಡುವುದು ಸ್ಕ್ರಿಪ್ಟಿನ ಪಠ್ಯವನ್ನು ಓದುವಾಗ, ಇಲ್ಲವೇ ಉತ್ತರವನ್ನು ಇನ್ನೊಂದು ಫೈಲಿಗೆ ಬರೆಯುವಾಗ. ಕೆಟ್ಟಾಗ ಪರದೆಯ ಮೇಲೆ ಮೂರು ರೂಪಗಳಲ್ಲಿ ಒಂದು ಕಾಣುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ, ಇವನ್ನು ಒಂದೇ ಎಂದುಕೊಂಡು ಗಂಟೆಗಟ್ಟಲೆ ಕಳೆಯುವವರು ಬಹಳ.

ಚೌಕಗಳು ಕಂಡರೆ ಫಾಂಟಿನ ಕೊರತೆ. ಹಳೆಯ ಕಪ್ಪು ಕಿಟಕಿಯ ಫಾಂಟಿನಲ್ಲಿ ಕನ್ನಡ ಇಲ್ಲ. ಮಾಹಿತಿ ಸರಿಯಾಗಿಯೇ ಇದೆ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಅಕ್ಷರ ಕಾಣುತ್ತದೆ. ವಿಂಡೋಸ್ 11ರ ಟರ್ಮಿನಲ್ಲಿನಲ್ಲಿ ಅಕ್ಷರಗಳು ಬರುತ್ತವೆ, ಆದರೆ ಒತ್ತಕ್ಷರಗಳು ಅತ್ತಿತ್ತ ಸರಿದು ಕೂರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾಹಿತಿ ಹೋಗಿಯೇ ಬಿಟ್ಟಿದೆ. ಕನ್ನಡಕ್ಕೆ ಜಾಗವಿಲ್ಲದ ಸಂಕೇತ ಪದ್ಧತಿಗೆ ಬರೆಯುವಾಗ ಪ್ರತಿ ಅಕ್ಷರದ ಜಾಗದಲ್ಲೂ ಆ ಚಿಹ್ನೆ ಬಿದ್ದಿದೆ. ಅದನ್ನು ಮರಳಿ ಪಡೆಯುವ ದಾರಿಯಿಲ್ಲ, ಮೂಲದಿಂದ ಮತ್ತೆ ತೆಗೆಯಬೇಕು.

ಮೂರನೆಯದು, ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷಿನ ಚಿಕ್ಕ 'ಎ' ಅಕ್ಷರ, ಅದರ ಪಕ್ಕ ಮೇಲೇರಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಗುರುತು, ಹೀಗೆ ಮೂರು ಮೂರರ ಗುಂಪು. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟುಗಳು. ಆ ಮೂರನ್ನು ಮೂರು ಬೇರೆ ಅಕ್ಷರಗಳೆಂದು ತಪ್ಪಾಗಿ ಓದಿದ್ದರ ಫಲ ಇದು. ಮಾಹಿತಿ ಇದೆ, ಓದುವ ರೀತಿ ಸರಿಪಡಿಸಿದರೆ ವಾಪಸ್ ಬರುತ್ತದೆ.

ಈಗ ಒಂದೊಂದನ್ನೇ ನೋಡೋಣ.

ಬ್ಯಾಚ್ ಫೈಲಿನೊಳಗೆ ಕನ್ನಡ ಹೆಸರು ಬರೆಯಲೇಬೇಕಾದರೆ ಮೊದಲ ಸಾಲುಗಳಲ್ಲಿ ಸಿಎಚ್‌ಸಿಪಿ 65001 (ಕಪ್ಪು ಕಿಟಕಿಯನ್ನು ಯುಟಿಎಫ್-8ಕ್ಕೆ ತಿರುಗಿಸುವ ಕಮಾಂಡು) ಇಟ್ಟು, ಫೈಲನ್ನು ಬಿಒಎಂ ಇಲ್ಲದ ಯುಟಿಎಫ್-8ರಲ್ಲಿ ಉಳಿಸಿ. ಬಿಒಎಂ ಎಂದರೆ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದೆ ಕೂರುವ ಮೂರು ಬೈಟುಗಳ ಗುರುತು. ಅದು ಇದ್ದರೆ ಬ್ಯಾಚ್ ಫೈಲಿನ ಮೊದಲ ಸಾಲಿಗೇ ಅಂಟಿಕೊಂಡು 'ಇಂಥ ಕಮಾಂಡಿಲ್ಲ' ಎಂಬ ಎರರ್ ಬರುತ್ತದೆ. ಇಷ್ಟಾದ ಮೇಲೂ ಫಾರ್ /ಎಫ್ ಮೂಲಕ ಡಿಐಆರ್ ಕಮಾಂಡಿನ ಉತ್ತರವನ್ನು ಓದಿಸುವಾಗ ಎಚ್ಚರ. ಆ ಉತ್ತರ ಕೋಡ್ ಪೇಜಿನ (ಆ ಕಿಟಕಿಯ ಸಂಕೇತ ಪದ್ಧತಿಯ) ಮೂಲಕ ಹಾದು ಬರುತ್ತದೆ. 65001 ಹಾಕದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಪವರ್‌ಶೆಲ್ 5.1ರದ್ದು ಇದಕ್ಕೆ ಸರಿಯಾಗಿ ತಿರುವುಮುರುವು. ಅದಕ್ಕೆ ಬಿಒಎಂ ಬೇಕೇ ಬೇಕು. ಇಲ್ಲದಿದ್ದರೆ ಸ್ಕ್ರಿಪ್ಟನ್ನು ಆನ್ಸಿ, ಅಂದರೆ ಒಂದು ಬೈಟಿಗೆ ಒಂದು ಅಕ್ಷರದ ಹಳೆಯ ವಿಂಡೋಸ್ ಪದ್ಧತಿ, ಎಂದು ಭಾವಿಸಿ ಓದುತ್ತದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡು ತಾನಾಗಿ ಬಿಒಎಂ ಇಲ್ಲದೆಯೇ ಉಳಿಸುತ್ತದೆ, ವಿಎಸ್ ಕೋಡ್ ಕೂಡ ಹಾಗೆಯೇ. ಸೇವ್ ಆ್ಯಸ್ ಕಿಟಕಿಯ ಕೆಳಗೆ ಎನ್‌ಕೋಡಿಂಗ್ ಎಂಬಲ್ಲಿ 'ಯುಟಿಎಫ್-8 ವಿತ್ ಬಿಒಎಂ' ಆರಿಸಬೇಕು.

ಆರಿಸದಿದ್ದರೆ ಆಗುವುದು ವಿಚಿತ್ರ. ಒಂಟಿ ಉದ್ಧರಣ ಚಿಹ್ನೆಗಳ ನಡುವೆ 'ಸದಸ್ಯರ ಪಟ್ಟಿ' ಎಂದು ಬರೆದರೆ ಸ್ಕ್ರಿಪ್ಟು ಓಡುತ್ತದೆ, ಫೈಲು ಸಿಗಲಿಲ್ಲ ಎನ್ನುತ್ತದೆ. ಅದೇ ಜಾಗದಲ್ಲಿ 'ಸಂಘದ ಲೆಕ್ಕ' ಎಂದು ಬರೆದರೆ ಸ್ಕ್ರಿಪ್ಟು ಶುರುವೇ ಆಗುವುದಿಲ್ಲ, ಸಿಂಟ್ಯಾಕ್ಸ್ ಎರರ್. ಕಾರಣ 'ಸಂ'ನಲ್ಲಿರುವ ಸೊನ್ನೆ. ಅನುಸ್ವಾರದ ಮೂರನೆಯ ಬೈಟು ಆನ್ಸಿಯಲ್ಲಿ ಕೆಳಗೆ ಬಾಗಿದ ಒಂಟಿ ಉದ್ಧರಣ ಚಿಹ್ನೆ. ಬಾಗಿದ ಉದ್ಧರಣಗಳನ್ನೂ ಪವರ್‌ಶೆಲ್ ಮಾಮೂಲಿ ಉದ್ಧರಣವೆಂದೇ ಎಣಿಸುವುದರಿಂದ ಹೆಸರು ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತದೆ. ಊಕಾರದ ಕೊಂಬು ಮತ್ತು 'ಒ' ಕೂಡ ಹೀಗೇ ಮಾಡುತ್ತವೆ. ಜೋಡಿ ಉದ್ಧರಣದ ಒಳಗಾದರೆ 'ಓ', 'ಔ' ಕೆಡಿಸುತ್ತವೆ. ಒಂದು ಹೆಸರಿಗೆ ಸರಿ, ಇನ್ನೊಂದಕ್ಕೆ ಎರರ್ ಎಂದು ಕಂಡರೆ ಕೋಡನ್ನು ತಿದ್ದಲು ಹೋಗಬೇಡಿ. ಫೈಲನ್ನು ಬಿಒಎಂ ಸಹಿತ ಮತ್ತೆ ಉಳಿಸಿ, ಸಾಕು.

ಬರೆಯುವಾಗಲೂ 5.1 ಒಂದೇ ಮಾತಿನದ್ದಲ್ಲ. ಎಕ್ಸ್‌ಪೋರ್ಟ್-ಸಿಎಸ್‌ವಿ ತಾನಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿಯಲ್ಲಿ ಬರೆಯುತ್ತದೆ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಸೆಟ್-ಕಂಟೆಂಟ್ ಆನ್ಸಿಯಲ್ಲಿ ಬರೆಯುತ್ತದೆ, ಅದೇ ಗತಿ. ಔಟ್-ಫೈಲ್ ಮಾತ್ರ ಯುಟಿಎಫ್-16ರಲ್ಲಿ ಬರೆಯುವುದರಿಂದ ಉಳಿಯುತ್ತದೆ. ಹಾಗಾಗಿ 5.1ರಲ್ಲಿ ಬರೆಯುವ ಪ್ರತಿಯೊಂದು ಕಮಾಂಡಿಗೂ -ಎನ್‌ಕೋಡಿಂಗ್ ಯುಟಿಎಫ್8 ಸೇರಿಸುವುದನ್ನು ಕೈಗೆ ರೂಢಿ ಮಾಡಿಸಿ.

ಪವರ್‌ಶೆಲ್ 7ರಲ್ಲಿ ಈ ಗೊಂದಲ ಇಲ್ಲ. ಓದುವುದೂ ಬರೆಯುವುದೂ ಯುಟಿಎಫ್-8, ಬಿಒಎಂ ಇರಲಿ ಬಿಡಲಿ ಸ್ಕ್ರಿಪ್ಟು ಓಡುತ್ತದೆ. ಒಂದೇ ಕಡೆ ಎಡವಬಹುದು: ಅದು ಬರೆದ ಸಿಎಸ್‌ವಿ ಫೈಲಿನಲ್ಲಿ ಬಿಒಎಂ ಇರುವುದಿಲ್ಲವಾದ್ದರಿಂದ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್ಲಿನಲ್ಲಿ ತೆರೆದರೆ ಮೇಲೆ ಹೇಳಿದ ಮೂರು ಮೂರರ ಗುಂಪು ಕಾಣುತ್ತದೆ. ಎಕ್ಸೆಲ್ಲಿಗೆ ಹೋಗುವ ಫೈಲಿಗೆ -ಎನ್‌ಕೋಡಿಂಗ್ ಯುಟಿಎಫ್8ಬಿಒಎಂ ಎಂದು ಕೊಡಿ.

ಹಳೆಯ ನುಡಿ ಫಾಂಟಿನ ಬರಹಗಳನ್ನು ಇಟ್ಟುಕೊಂಡವರಿಗೆ ಒಂದು ಮಾತು. ಅವು ಯುನಿಕೋಡ್ ಅಲ್ಲ, ಆನ್ಸಿಯ 256 ಸಂಕೇತಗಳ ಒಳಗೇ ಇರುವ ಬರಹ. ಅದಕ್ಕೇ ಹಳೆಯ ಸ್ಕ್ರಿಪ್ಟುಗಳು ಆನ್ಸಿಯಲ್ಲಿ ಬರೆದರೂ ಅವು ಕೆಡುತ್ತಿರಲಿಲ್ಲ. ಯುನಿಕೋಡಿಗೆ ಬಂದ ಮೇಲೆ ಅದೇ ಸ್ಕ್ರಿಪ್ಟು ಕೆಡಿಸಿತು ಎಂದರೆ ತಪ್ಪು ಯುನಿಕೋಡಿನದ್ದಲ್ಲ. ರೀಜನ್ ಸೆಟ್ಟಿಂಗಿನಲ್ಲಿ ಇಡೀ ವಿಂಡೋಸನ್ನು ಯುಟಿಎಫ್-8ಕ್ಕೆ ತಿರುಗಿಸುವ 'ಬೀಟಾ' ಆಯ್ಕೆಯೊಂದಿದೆ. ಅದನ್ನು ಒತ್ತಿದರೆ ಎಲ್ಲವೂ ಸರಿಯಾಗುತ್ತದೆ ಎಂಬ ಆಸೆ ಬೇಡ. ಆನ್ಸಿಯನ್ನೇ ನಂಬಿದ ಹಳೆಯ ಲೆಕ್ಕದ ತಂತ್ರಾಂಶ, ಹಳೆಯ ನುಡಿ ಕಡತ ಇರುವ ಯಂತ್ರದಲ್ಲಿ ಅದರಿಂದ ಬೇರೆ ಕಡೆ ಹಾಳಾಗುತ್ತದೆ.

5.1ರಲ್ಲೇ ಇರಬೇಕೇ, 7ಕ್ಕೆ ಹೋಗಬೇಕೇ

5.1 ಬಂದದ್ದು 2016ರಲ್ಲಿ, ವಿಂಡೋಸ್ 10, 11 ಎರಡರಲ್ಲೂ ಮೊದಲೇ ಇರುತ್ತದೆ. 7.0 ಬಂದದ್ದು 2020ರ ಮಾರ್ಚಿನಲ್ಲಿ, ಪ್ರತಿ ಯಂತ್ರದಲ್ಲೂ ಬೇರೆಯಾಗಿ ಹಾಕಬೇಕು. ಎರಡೂ ಅಕ್ಕಪಕ್ಕ ಇರಬಲ್ಲವು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. 5.1ರ ಹೆಸರು ಪವರ್‌ಶೆಲ್, 7ರ ಹೆಸರು ಪಿ-ಡಬ್ಲ್ಯೂ-ಎಸ್-ಎಚ್.

ನಮ್ಮ ಸಲಹೆ ಇಷ್ಟು: ಎಲ್ಲ ಯಂತ್ರಗಳ ಮೇಲೆ ಓಡಬೇಕಾದ ಸ್ಕ್ರಿಪ್ಟನ್ನು 5.1ಕ್ಕೆ ಬರೆಯಿರಿ, ಉಸ್ತುವಾರಿಯವರ ಒಂದು ಯಂತ್ರದಲ್ಲಿ 7 ಇರಲಿ. ಪಟ್ಟಿ ಕೂಡಿಸುವುದು, ಕನ್ನಡ ಸಿಎಸ್‌ವಿ ತಿದ್ದುವುದು ಮುಂತಾದ ಪಠ್ಯದ ಕೆಲಸ ಅಲ್ಲಿ ನಡೆಯಲಿ. ನಲವತ್ತು ಯಂತ್ರಗಳಿಗೆ 7 ಹಾಕಿ, ಅದನ್ನು ಅಪ್‌ಡೇಟ್ ಮಾಡುತ್ತ ಕೂರುವುದೇ ಇನ್ನೊಂದು ಕೆಲಸವಾಗುತ್ತದೆ. 5.1ರಲ್ಲಿ ಬರೆಯುವಾಗ ಗೆಟ್-ಡಬ್ಲ್ಯೂಎಂಐಆಬ್ಜೆಕ್ಟ್ ಬಿಟ್ಟು ಗೆಟ್-ಸಿಮ್‌ಇನ್‌ಸ್ಟನ್ಸ್, ಗೆಟ್-ಇವೆಂಟ್‌ಲಾಗ್ ಬಿಟ್ಟು ಗೆಟ್-ವಿನ್‌ಇವೆಂಟ್ ಬಳಸಿ. ಮೊದಲಿನವು 7ರಲ್ಲಿ ಇಲ್ಲ, ಎರಡನೆಯವು ಎರಡರಲ್ಲೂ ಓಡುತ್ತವೆ.

ಕೂತಲ್ಲಿಂದಲೇ ಬೇರೆ ಯಂತ್ರ

ಬೇರೆ ಯಂತ್ರದಲ್ಲಿ ಕಮಾಂಡು ಓಡಿಸಲು ಬ್ಯಾಚ್ ಫೈಲಿನ ಜೊತೆಗಾರ ಮೈಕ್ರೋಸಾಫ್ಟಿನ ಪಿಎಸ್‌ಎಕ್ಸೆಕ್, ಪವರ್‌ಶೆಲ್ಲಿನ ದಾರಿ ರಿಮೋಟಿಂಗ್. ಪಿಎಸ್‌ಎಕ್ಸೆಕ್ ಫೈಲ್ ಶೇರಿಂಗಿನ 445ನೆಯ ಪೋರ್ಟಿನ ಮೂಲಕ ಹೋಗಿ ಆಚೆಯ ಯಂತ್ರದಲ್ಲಿ ಒಂದು ಸರ್ವೀಸ್ ಹಾಕಿ ಕೆಲಸ ಮಾಡಿಸುತ್ತದೆ. ಒಳನುಗ್ಗುವವರೂ ಇದನ್ನೇ ಬಳಸುವುದರಿಂದ ಆ್ಯಂಟಿವೈರಸ್ಸುಗಳು ಇದನ್ನು ತಡೆಯುವುದುಂಟು. ಒಂದೆರಡು ಯಂತ್ರಕ್ಕೆ, ಅಪರೂಪಕ್ಕೆ ಸಾಕು. ಇಡೀ ಲ್ಯಾಬಿಗೆ ರಿಮೋಟಿಂಗ್ ಮೇಲು: ಇನ್‌ವೋಕ್-ಕಮಾಂಡ್ ಒಂದೇ ಸಲಕ್ಕೆ 32 ಯಂತ್ರಗಳವರೆಗೆ ಜೊತೆಜೊತೆಗೆ ನಡೆಸುತ್ತದೆ, ಯಾವ ಉತ್ತರ ಯಾವ ಯಂತ್ರದ್ದು ಎಂಬುದೂ ಜೊತೆಗೇ ಬರುತ್ತದೆ.

ಅದನ್ನು ಶುರು ಮಾಡಲು ಪ್ರತಿ ಯಂತ್ರದಲ್ಲಿ ಒಮ್ಮೆ ಎನೇಬಲ್-ಪಿಎಸ್‌ರಿಮೋಟಿಂಗ್ ಓಡಿಸಬೇಕು. ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಎಂದಿದ್ದರೆ ಎರರ್ ಬರುತ್ತದೆ, ಮೊದಲು 'ಪ್ರೈವೇಟ್' ಮಾಡಿ. ಡೊಮೈನ್ (ಎಲ್ಲ ಯಂತ್ರಗಳ ಲಾಗಿನ್ ಒಂದೇ ಸರ್ವರಿನಿಂದ ನಡೆಯುವ ಏರ್ಪಾಡು) ಇಲ್ಲದ ಕಚೇರಿಯಲ್ಲಿ ಉಸ್ತುವಾರಿಯ ಯಂತ್ರದ ಟ್ರಸ್ಟೆಡ್‌ಹೋಸ್ಟ್ಸ್ ಎಂಬ ನಂಬಿಕೆಯ ಯಂತ್ರಗಳ ಪಟ್ಟಿಗೆ ಉಳಿದವುಗಳ ಹೆಸರು ಸೇರಿಸಬೇಕು. ಹೊಸ ಹೆಸರು ಕೊಟ್ಟರೆ ಹಳೆಯವು ಅಳಿದುಹೋಗುತ್ತವೆ, -ಕಾಂಕ್ಯಾಟನೇಟ್ ಕೊಟ್ಟರೆ ಮಾತ್ರ ಕೂಡಿಕೊಳ್ಳುತ್ತವೆ. ಲ್ಯಾಬುಗಳಲ್ಲಿ ಬಹಳ ಸಲ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಕಡೆ: ಪಾಸ್‌ವರ್ಡ್ ಇಲ್ಲದ ಅಕೌಂಟು. ಅಂಥ ಅಕೌಂಟಿನಿಂದ ನೆಟ್‌ವರ್ಕಿನ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ. ಉಸ್ತುವಾರಿಗೆಂದೇ ಪಾಸ್‌ವರ್ಡ್ ಇರುವ ಬೇರೆ ಅಡ್ಮಿನ್ ಅಕೌಂಟು ಮಾಡಿ. ಪಿಂಗ್‌ಗೆ ಉತ್ತರ ಬಂದರೆ ರಿಮೋಟಿಂಗ್ ಸಿದ್ಧವಿದೆ ಎಂದರ್ಥವಲ್ಲ. ಟೆಸ್ಟ್-ಡಬ್ಲ್ಯೂಎಸ್‌ಮ್ಯಾನ್ ಓಡಿಸಿ ನೋಡಿ, ಅದು 5985ನೆಯ ಪೋರ್ಟಿನಲ್ಲಿ ನಿಜವಾಗಿ ಕದ ತಟ್ಟುತ್ತದೆ.

ಆಚೆಯ ಯಂತ್ರದಲ್ಲಿ ಓಡುವ ಸ್ಕ್ರಿಪ್ಟು ಅಲ್ಲಿಂದ ಮೂರನೆಯ ಯಂತ್ರದ ಶೇರ್ ಫೋಲ್ಡರಿಗೆ ಹೋಗಲಾರದು, ನಿಮ್ಮ ಗುರುತು ಅಷ್ಟು ದೂರ ಸಾಗುವುದಿಲ್ಲ. ಬೇಕಾದ ಫೈಲನ್ನು ಮೊದಲೇ ಕಳಿಸಿ, ಆಮೇಲೆ ಸ್ಕ್ರಿಪ್ಟು ಓಡಿಸಿ.

ಬ್ಯಾಕಪ್ಪಿಗೆ ರೋಬೋಕಾಪಿ, ಓಡಿಸುವುದಕ್ಕೆ ಟಾಸ್ಕ್ ಶೆಡ್ಯೂಲರ್

ಬ್ಯಾಕಪ್ ವಿಷಯದಲ್ಲಿ ಬ್ಯಾಚೋ ಪವರ್‌ಶೆಲ್ಲೋ ಎಂಬ ಚರ್ಚೆಯೇ ಬೇಡ. ಎರಡರಿಂದಲೂ ಕರೆಯಬೇಕಾದದ್ದು ವಿಂಡೋಸಿನಲ್ಲೇ ಇರುವ ಕಾಪಿ ಕಮಾಂಡು ರೋಬೋಕಾಪಿಯನ್ನು. ಎಕ್ಸ್‌ಕಾಪಿ ಉದ್ದದ ಪಾಥಿಗೆ ಸೋಲುತ್ತದೆ, ಪವರ್‌ಶೆಲ್ಲಿನ ಕಾಪಿ-ಐಟಂ ಬದಲಾದ ಫೈಲುಗಳನ್ನು ಮಾತ್ರ ಆರಿಸುವುದಿಲ್ಲ. ಆದರೆ ರೋಬೋಕಾಪಿಯನ್ನು ಅದು ಬಂದ ಹಾಗೆಯೇ ಬಳಸಬಾರದು. ಯಾರೋ ತೆರೆದಿಟ್ಟುಹೋದ ಒಂದು ಫೈಲು ಎದುರಾದರೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುವುದು ಅದರ ಮೂಲ ನಡವಳಿಕೆ. ಲೆಕ್ಕ ಹಾಕಿದರೆ 340 ದಿನಕ್ಕೂ ಹೆಚ್ಚು. /ಆರ್:2 /ಡಬ್ಲ್ಯೂ:5 ಎಂದು ಕೊಟ್ಟರೆ ಎರಡು ಸಲ ನೋಡಿ ಮುಂದೆ ಹೋಗುತ್ತದೆ. /ಎಂಐಆರ್ ಕೊಟ್ಟರೆ ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್ಪಿನಲ್ಲೂ ಅಳಿಸುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ವರ್ಷದ ಕೆಲಸ ಹೋಗುತ್ತದೆ, ಹಾಗಾಗಿ ಮೊದಲ ಸಲ /ಎಲ್ ಸೇರಿಸಿ ಬರೀ ಪಟ್ಟಿ ನೋಡಿ. ಉದ್ಧರಣದೊಳಗಿನ ಪಾಥನ್ನು ಹಿಂದಕ್ಕೆ ಬಾಗಿದ ಗೆರೆಯಿಂದ ಮುಗಿಸಬೇಡಿ, ಅದು ಮುಗಿಯುವ ಉದ್ಧರಣವನ್ನೇ ನುಂಗಿಬಿಡುತ್ತದೆ. ಲಾಗ್ ಫೈಲಿಗೆ /ಲಾಗ್ ಬದಲು /ಯುನಿಲಾಗ್ ಕೊಡಿ. ಮೊದಲಿನದ್ದರಲ್ಲಿ ಕನ್ನಡ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಸಿಗುತ್ತವೆ, ಯಾವ ಫೈಲು ಉಳಿಯಿತು ಎಂಬುದು ಗೊತ್ತೇ ಆಗುವುದಿಲ್ಲ.

ಪವರ್‌ಶೆಲ್ ಸ್ಕ್ರಿಪ್ಟು ಡಬಲ್ ಕ್ಲಿಕ್ ಮಾಡಿದರೆ ಓಡುವುದಿಲ್ಲ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಜೊತೆಗೆ ವಿಂಡೋಸ್ 10, 11ರಲ್ಲಿ ಸ್ಕ್ರಿಪ್ಟುಗಳಿಗೆ ಮೊದಲಿಗೆ ತಡೆ ಇರುತ್ತದೆ. ಕಚೇರಿಯ ಗುಮಾಸ್ತರು ತಾವೇ ಓಡಿಸಬೇಕಾದ ಸ್ಕ್ರಿಪ್ಟಾದರೆ ಪಕ್ಕದಲ್ಲಿ ಒಂದೇ ಸಾಲಿನ ಬ್ಯಾಚ್ ಫೈಲು ಇಟ್ಟು ಅದರಿಂದ ಕರೆಸಿ:

ಪವರ್‌ಶೆಲ್ -ನೋಪ್ರೊಫೈಲ್ -ಎಕ್ಸಿಕ್ಯೂಷನ್‌ಪಾಲಿಸಿ ಬೈಪಾಸ್ -ಫೈಲ್ "%~ಡಿಪಿ0ಬ್ಯಾಕಪ್.ಪಿಎಸ್1"

ಆ %~ಡಿಪಿ0 ಎಂದರೆ ಬ್ಯಾಚ್ ಫೈಲು ಇರುವ ಫೋಲ್ಡರು. ಅದಿಲ್ಲದಿದ್ದರೆ ಅಡ್ಮಿನ್ ಆಗಿ ಓಡಿಸಿದಾಗ ಸಿಸ್ಟಮ್32ರಲ್ಲಿ ಹುಡುಕಿ, ಸಿಗಲಿಲ್ಲ ಎನ್ನುತ್ತದೆ.

ಹೇಳಿದ ಹೊತ್ತಿಗೆ ಸ್ಕ್ರಿಪ್ಟು ಓಡಿಸುವ ಟಾಸ್ಕ್ ಶೆಡ್ಯೂಲರಿಗೆ ಹಾಕುವಾಗ ಝಡ್ ಡ್ರೈವು, ವೈ ಡ್ರೈವು ಎಂದು ಬರೆಯದೆ ಸರ್ವರಿನ ಪೂರ್ತಿ ಹೆಸರಿನ ಪಾಥ್ ಬರೆಯಿರಿ, ಮ್ಯಾಪ್ ಮಾಡಿದ ಡ್ರೈವುಗಳು ನಿಮ್ಮ ಲಾಗಿನ್ನಿಗೆ ಮಾತ್ರ ಕಾಣುತ್ತವೆ. ಕಂಡಿಷನ್ಸ್ ಪುಟದಲ್ಲಿ 'ಎಸಿ ಪವರ್ ಇದ್ದರೆ ಮಾತ್ರ' ಎಂಬುದಕ್ಕೆ ಮೊದಲೇ ಟಿಕ್ ಇರುತ್ತದೆ. ಯುಎಸ್‌ಬಿ ಮೂಲಕ ಯುಪಿಎಸ್ ಜೋಡಿಸಿದ್ದರೆ ವಿಂಡೋಸ್ ಅದನ್ನೂ ಬ್ಯಾಟರಿ ಎಂದು ಎಣಿಸುವುದರಿಂದ ಕರೆಂಟು ಹೋದ ಹೊತ್ತಿನಲ್ಲಿ ಬ್ಯಾಕಪ್ ಶುರುವಾಗುವುದಿಲ್ಲ. ಸೆಟ್ಟಿಂಗ್ಸ್ ಪುಟದಲ್ಲಿ 'ತಪ್ಪಿದ ಕೆಲಸವನ್ನು ಆದಷ್ಟು ಬೇಗ ಓಡಿಸು' ಎಂಬುದಕ್ಕೆ ಟಿಕ್ ಇರುವುದಿಲ್ಲ. ಸಂಜೆ ಮೇನ್ ಸ್ವಿಚ್ ಆರಿಸಿ ಹೋಗುವ ಕಚೇರಿಯಾದರೆ ಅದನ್ನು ಹಾಕಲೇಬೇಕು.

ಬೆಳಗ್ಗೆ ಬಂದು ನೋಡಿದಾಗ ಕೊನೆಯ ಫಲಿತಾಂಶದ ಜಾಗದಲ್ಲಿ 1 ಎಂದಿದ್ದರೆ ಗಾಬರಿಯಾಗಬೇಡಿ. ರೋಬೋಕಾಪಿಯಲ್ಲಿ 0 ಎಂದರೆ ಕಾಪಿ ಮಾಡಲು ಹೊಸದೇನೂ ಇರಲಿಲ್ಲ, 1 ಎಂದರೆ ಫೈಲುಗಳು ಕಾಪಿಯಾದವು, 8 ಅಥವಾ ಅದಕ್ಕೂ ಮೇಲೆ ಬಂದರೆ ಮಾತ್ರ ಏನೋ ಉಳಿದುಹೋಗಿದೆ. ಸ್ಕ್ರಿಪ್ಟಿನ ಕೊನೆಯಲ್ಲಿ 8ಕ್ಕಿಂತ ಕಡಿಮೆ ಬಂದರೆ 0 ಎಂದು ಹಿಂದಿರುಗಿಸುವ ಸಾಲೊಂದನ್ನು ಸೇರಿಸಿದರೆ ಕೆಲಸ ಓಡಿ ಮುಗಿದ ಮೇಲೆ ಶೆಡ್ಯೂಲರಿನಲ್ಲಿ ಕಾಣುವ ಬೇರೆ ಯಾವ ಸಂಖ್ಯೆಯನ್ನೂ ನಿಜವಾದ ತೊಂದರೆ ಎಂದೇ ಹಿಡಿದು ನೋಡಬಹುದು.